ಹಾವೇ ಇಲ್ಲದ ದೇಶದಲ್ಲಿ ಸರ್ಪಸುತ್ತು

ಪ್ರಶ್ನೆ: ನಾವಿರುವುದು ಐರ್ಲೆಂಡಿನ ಲೀಟ್ರಿಮ್ ಕೌಂಟಿಯ ಒಂದು ಹಳ್ಳಿಯಲ್ಲಿ. ಸುತ್ತ ದನ ಮೇಯುವ ಹುಲ್ಲುಗಾವಲು, ನಡುವೆ ಏಳೆಂಟು ಮನೆ. ನಮಗೆ ನಾಲ್ಕು ತಿಂಗಳ ಮಗು ಇದೆ. ಮಗುವನ್ನು ನೋಡಿಕೊಳ್ಳಲು ಸಕಲೇಶಪುರದ ಕಡೆಯಿಂದ ಅಮ್ಮ ಬಂದಿದ್ದಾರೆ. ಅವರಿಗೆ 66 ವರ್ಷ, ಬಿ.ಪಿ. ಮಾತ್ರೆ ತಗೊಳ್ಳುತ್ತಾರೆ. ಭಾನುವಾರದಿಂದ ಬಲಪಕ್ಕೆ ಉರಿ ಅನ್ನುತ್ತಿದ್ದರು. ಇವತ್ತು, ಮಂಗಳವಾರ, ಬೆಳಿಗ್ಗೆ ನೋಡಿದರೆ ಬೆನ್ನಿನಿಂದ ಪಕ್ಕೆಯವರೆಗೆ ಸಾಲಾಗಿ ನೀರುಗುಳ್ಳೆ ಎದ್ದಿವೆ. "ಇದು ಸರ್ಪಸುತ್ತು. ನಾಗರಿಗೆ ಹಾಲೆರೆಯದೆ ವಿಮಾನ ಹತ್ತಿದೆ, ಅದಕ್ಕೇ ಹೀಗಾಯಿತು" ಎಂದು ಅಳುತ್ತಿದ್ದಾರೆ. ತಲೆ ಬಾಲ ಕೂಡಿದರೆ ಜೀವ ಹೋಗುತ್ತದೆ ಎಂಬ ಭಯ ಬೇರೆ. ಆಶ್ಚರ್ಯ ಅಂದರೆ ಪಕ್ಕದ ಮನೆಯ ಐರಿಷ್ ಅಜ್ಜಿಯೂ ಅದನ್ನೇ ಹೇಳಿದರು! ಹತ್ತು ಮೈಲಿ ಆಚೆ ಒಬ್ಬ ರೈತನ ಹತ್ತಿರ ಇದಕ್ಕೆ "ಕ್ಯೂರ್" ಇದೆಯಂತೆ. ಸೋಮವಾರ, ಗುರುವಾರ ಮಾತ್ರ ನೋಡುತ್ತಾನಂತೆ. ಮೂರು ಸಲ ಹೋಗಬೇಕು, ದುಡ್ಡು ಮುಟ್ಟುವುದಿಲ್ಲ. ಅಮ್ಮ ಹೋಗಲೇಬೇಕು ಅಂತಾರೆ. ನನ್ನ ಗಂಡ ಇದೆಲ್ಲ ಮೂಢನಂಬಿಕೆ ಅಂತ ರೇಗುತ್ತಾರೆ. ಇದೇ ಅಜ್ಜಿ ಮಗುವಿನ ವಸಡಿಗೆ ವಿಸ್ಕಿ ಸವರಿ ಅಂದಿದ್ದರು, ನನ್ನ ಕೆಮ್ಮಿಗೆ ಕಡಲಪಾಚಿ ಕೊಟ್ಟಿದ್ದರು. ಯಾವುದನ್ನು ನಂಬಲಿ? ಮಗುವನ್ನು ಅಮ್ಮನ ಕೈಗೆ ಕೊಡಬಹುದಾ?

ಉತ್ತರ: ನಿಮ್ಮ ಪತ್ರ ಮಂಗಳವಾರ ರಾತ್ರಿ ಬಂದಿತ್ತು. ಬುಧವಾರ ಎದ್ದ ಕೂಡಲೇ ಎರಡು ಸಾಲು ಬರೆದು ಕಳಿಸಿದೆ: "ಇವತ್ತೇ ಜಿಪಿ (ಊರಿನ ಕುಟುಂಬ ವೈದ್ಯರು) ಹತ್ತಿರ ಕರೆದುಕೊಂಡು ಹೋಗಿ. ಗುರುವಾರದ ತನಕ ಕಾಯಬೇಡಿ." ಹೋಗಿ ಬಂದಿರಿ, ಮಾತ್ರೆ ಶುರುವಾಯಿತು ಎಂದು ಮಧ್ಯಾಹ್ನವೇ ತಿಳಿಸಿದಿರಿ. ಹಾಗಾಗಿ ಈಗ ನಿಧಾನವಾಗಿ ಮಾತಾಡಬಹುದು. ನಾನು ಐರ್ಲೆಂಡಿನ ಪಶ್ಚಿಮದ ಹಳ್ಳಿಗಳಲ್ಲಿ ಇಪ್ಪತ್ತು ವರ್ಷದ ಮೇಲೆ ಜಿಪಿಯಾಗಿ ಕೆಲಸ ಮಾಡಿದವನು. ಸರ್ಪಸುತ್ತಿನವರು ನನ್ನ ಹತ್ತಿರ ಬರುವ ಮೊದಲು ಯಾರ ಮನೆ ಬಾಗಿಲು ತಟ್ಟಿ ಬಂದಿದ್ದಾರೆ ಎಂದು ಕೇಳುವುದು ನನಗೆ ರೂಢಿಯಾಗಿಬಿಟ್ಟಿತ್ತು.

ನಿಮ್ಮ ಪತ್ರದಲ್ಲಿ ಮೂರು ಭಯಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಅಮ್ಮನ ಜೀವದ್ದು ಒಂದು. ಮಗುವಿನದು ಒಂದು. ಮೂರನೆಯದು ನೀವು ನೇರವಾಗಿ ಬರೆದಿಲ್ಲ: ಹೋದರೆ ಗಂಡನ ಕಣ್ಣಲ್ಲಿ ದಡ್ಡಿ, ಹೋಗದಿದ್ದರೆ ಅಮ್ಮನ ಕಣ್ಣಲ್ಲಿ ಕಲ್ಲು ಹೃದಯದವಳು.

ಮೊದಲು ಅಮ್ಮನಿಗೆ ಒಂದು ಮಾತು ಹೇಳಿ. ಐರ್ಲೆಂಡಿನಲ್ಲಿ ಹಾವೇ ಇಲ್ಲ. ಸಂತ ಪ್ಯಾಟ್ರಿಕ್ ಎಲ್ಲ ಹಾವನ್ನೂ ಸಮುದ್ರಕ್ಕೆ ಅಟ್ಟಿದ ಎಂದು ಇಲ್ಲಿನವರ ಕಥೆ. ನಿಜ ಏನೆಂದರೆ ಹಿಮಯುಗ ಮುಗಿದ ಮೇಲೆ ಸುತ್ತ ಸಮುದ್ರ ತುಂಬಿ, ಹಾವುಗಳು ಇಲ್ಲಿಗೆ ಬರಲು ದಾರಿಯೇ ಇರಲಿಲ್ಲ. ನಾಗರಕಲ್ಲು ಕಂಡಿಲ್ಲದ, ಹುತ್ತಕ್ಕೆ ಹಾಲೆರೆದಿಲ್ಲದ ಈ ಜನಕ್ಕೂ ಇದೇ ಕಾಯಿಲೆ, ಇದೇ ಪಕ್ಕೆಯಲ್ಲಿ, ಇದೇ ಉರಿಯೊಂದಿಗೆ ಬರುತ್ತದೆ. ನಾಗದೋಷ ಎಂದಾದರೆ ಇವರಿಗೇಕೆ ಬರಬೇಕು? ನಾನು ಇದನ್ನು ನಮ್ಮೂರ ಕಡೆಯ ಎಷ್ಟೋ ಅಮ್ಮಂದಿರಿಗೆ ಹೇಳಿದ್ದೇನೆ. ವೈರಸ್ ಬಗ್ಗೆ ಹತ್ತು ನಿಮಿಷ ವಿವರಿಸಿದರೂ ಇಳಿಯದ ಭಯ ಈ ಒಂದು ಮಾತಿಗೆ ಅರ್ಧ ಇಳಿಯುತ್ತದೆ.

ಈಗ ವೈರಸ್ ವಿಷಯ. ಅಮ್ಮನಿಗೆ ಚಿಕ್ಕಂದಿನಲ್ಲಿ ಚಿಕನ್ ಪಾಕ್ಸ್ ಆಗಿರುತ್ತದೆ, ನಮ್ಮ ಕಡೆ "ಅಮ್ಮ ಬಂದಿದೆ" ಅನ್ನುತ್ತೇವಲ್ಲ, ಅದು. ಗುಳ್ಳೆ ಒಣಗಿ ಉದುರಿದರೂ ವೈರಸ್ ಮೈ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದಲ್ಲಿ, ನರ ಹೊರಡುವ ಗಂಟಿನಲ್ಲಿ ಮಲಗಿಬಿಡುತ್ತದೆ. ಹತ್ತಲ್ಲ, ಐವತ್ತು ವರ್ಷ ಬೇಕಾದರೂ ಮಲಗಿರುತ್ತದೆ. ವಯಸ್ಸಾಗಿ ಮೈಯ ರೋಗನಿರೋಧಕ ಶಕ್ತಿ ಸ್ವಲ್ಪ ಸಡಿಲವಾದಾಗ ಎದ್ದು, ಅದೇ ನರದ ಗುಂಟ ಚರ್ಮಕ್ಕೆ ಬರುತ್ತದೆ. ಒಂದು ನರ ಮೈಯ ಒಂದೇ ಬದಿಗೆ ಒಂದು ಪಟ್ಟಿಯಷ್ಟು ಜಾಗಕ್ಕೆ ಹರಡಿರುತ್ತದೆ. ಅದಕ್ಕೇ ಗುಳ್ಳೆ ಬೆನ್ನಿನ ನಡುವಿಂದ ಹೊರಟು ಪಕ್ಕೆ ಬಳಸಿ ಹೊಟ್ಟೆಯ ನಡುವಿಗೆ ಬಂದು ಗೆರೆ ಎಳೆದಂತೆ ನಿಂತುಬಿಡುತ್ತದೆ. ಆ ಕಡೆಯದು ಬೇರೆ ನರ. ತಲೆ ಬಾಲ ಕೂಡುವುದೇ ಇಲ್ಲ ಎನ್ನುವಷ್ಟು ಅಪರೂಪ. ಅಪರೂಪಕ್ಕೆ ಎರಡೂ ಬದಿಗೆ ಬಂದರೂ ಸಾವು ಬರುವುದು "ಕೂಡಿದ್ದರಿಂದ" ಅಲ್ಲ. ಮೈಯ ಶಕ್ತಿಯನ್ನು ಬೇರೆ ಯಾವುದೋ ಕಾಯಿಲೆ ಕುಗ್ಗಿಸಿದೆಯೇ ಎಂದು ವೈದ್ಯರು ಹುಡುಕಬೇಕಾಗುತ್ತದೆ, ಅಷ್ಟೆ.

ಇಂಗ್ಲಿಷಿನಲ್ಲಿ ಇದಕ್ಕೆ ಶಿಂಗಲ್ಸ್ ಅನ್ನುತ್ತಾರೆ. ಸೊಂಟಪಟ್ಟಿ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದ ಹೆಸರು. ನಾವು ಪಟ್ಟಿಯನ್ನು ಹಾವು ಎಂದು ನೋಡಿದೆವು, ಅವರು ಸೊಂಟಪಟ್ಟಿ ಎಂದು ನೋಡಿದರು. ಎರಡು ಕಡೆಯವರೂ ತುದಿಗೆ ತುದಿ ಮುಟ್ಟಿದರೆ ಮುಗಿಯಿತು ಎಂದು ಹೆದರಿದರು. ನಿಮ್ಮ ಅಮ್ಮ ಮತ್ತು ಆ ಅಜ್ಜಿ ಒಂದೇ ಮಾತಾಡಿದ್ದು ಅದಕ್ಕೇ.

ಹಾಗಾದರೆ ಬುಧವಾರ ನಾನು ಅಷ್ಟು ಅವಸರ ಮಾಡಿದ್ದು ಯಾಕೆ? ಈ ವೈರಸ್‌ಗೆ ಮಾತ್ರೆ ಇದೆ: ಅಸೈಕ್ಲೊವಿರ್, ವಾಲಸೈಕ್ಲೊವಿರ್. ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುಮಾಡಿದರೆ ಇವು ಚೆನ್ನಾಗಿ ಕೆಲಸ ಮಾಡುತ್ತವೆ. ಹೊಸ ಗುಳ್ಳೆ ಬೇಗ ನಿಲ್ಲುತ್ತದೆ, ನೋವಿನ ಕಾವು ಇಳಿಯುತ್ತದೆ. ಆಮೇಲೆ ಶುರುಮಾಡಿದರೆ ಲಾಭ ಕಡಿಮೆ. ಈಗ ಕ್ಯೂರ್‌ನ ಲೆಕ್ಕ ನೋಡಿ. ಗುರುವಾರ, ಸೋಮವಾರ, ಮತ್ತೆ ಗುರುವಾರ. ಮೂರು ಭೇಟಿ ಮುಗಿಯುವ ಹೊತ್ತಿಗೆ ವಾರ ಆಗುತ್ತದೆ. "ಮೊದಲು ಇದನ್ನು ನೋಡೋಣ, ಆಗದಿದ್ದರೆ ಡಾಕ್ಟರ್" ಅಂದುಕೊಂಡು ಕೂತರೆ ಮಾತ್ರೆಯ ಮೂರು ದಿನ ಕಳೆದೇಹೋಗಿರುತ್ತದೆ. ನಾನು ಕಂಡ ಮಟ್ಟಿಗೆ ಆ ರೈತನ ಪ್ರಾರ್ಥನೆಯಿಂದ ಯಾರಿಗೂ ಹಾನಿಯಾಗಿಲ್ಲ. ಹಾನಿಯಾಗಿದ್ದು ಅವನ ವಾರದ ಲೆಕ್ಕದಿಂದ.

ಒಬ್ಬ ಕುರಿ ಸಾಕುವವರು ನೆನಪಾಗುತ್ತಾರೆ. ಎಪ್ಪತ್ತರ ಮೇಲಿನವರು. ಹಣೆಗೆ ಗುಳ್ಳೆ, ಆಮೇಲೆ ಮೂಗಿನ ತುದಿಗೂ ಒಂದು. ಮೂರು ಭೇಟಿ ಮುಗಿಸಿಯೇ ಬರುತ್ತೇನೆ ಎಂದು ಹಟ ಹಿಡಿದಿದ್ದರಂತೆ. ಬಂದಾಗ ಕಣ್ಣು ಕೆಂಡದ ಹಾಗಿತ್ತು. ಮೂಗಿನ ತುದಿಗೆ ಹೋಗುವ ನರವೂ ಕಣ್ಣಿಗೆ ಹೋಗುವ ನರವೂ ಒಂದೇ ಕವಲು. ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಕಣ್ಣಿಗೆ ಅಪಾಯ ಇದೆ ಎಂದೇ ತಿಳಿಯಬೇಕು, ಅದೇ ದಿನ ಕಣ್ಣಿನ ವೈದ್ಯರು ನೋಡಬೇಕು. ಅವರ ಆ ಕಣ್ಣಿನ ದೃಷ್ಟಿ ಪೂರ್ತಿ ಮರಳಲಿಲ್ಲ. ಇದರಲ್ಲಿ ಕ್ಯೂರ್ ಇರುವವನ ತಪ್ಪಿಲ್ಲ. ಅವನೇ "ಡಾಕ್ಟರ್ ಹತ್ತಿರ ಹೋಗಿದ್ದೀಯಾ" ಎಂದು ಎರಡು ಸಲ ಕೇಳಿದ್ದನಂತೆ.

ಈ ಕ್ಯೂರ್ ಅನ್ನುವುದು ಏನು ಎಂದು ನಿಮ್ಮ ಯಜಮಾನರಿಗೂ ತಿಳಿಯಬೇಕು, ಸುಮ್ನೆ ಮೂಢನಂಬಿಕೆ ಅಂತ ತಳ್ಳಿಹಾಕುವ ಮೊದಲು. ಇಲ್ಲಿ "ಅವನು ವೈದ್ಯ" ಅನ್ನುವುದಿಲ್ಲ, "ಅವನ ಹತ್ತಿರ ಕ್ಯೂರ್ ಇದೆ" ಅನ್ನುತ್ತಾರೆ. ಒಬ್ಬರ ಹತ್ತಿರ ಸಾಮಾನ್ಯವಾಗಿ ಒಂದೇ ಕಾಯಿಲೆಯದು ಇರುತ್ತದೆ. ಸುಟ್ಟಗಾಯದ್ದು ಒಬ್ಬರಲ್ಲಿ, ಉಳುಕಿನದು ಇನ್ನೊಬ್ಬರಲ್ಲಿ, ಹುಳುಕಡ್ಡಿಯದು ಮತ್ತೊಬ್ಬರಲ್ಲಿ. ಕೆಲವು ಮನೆತನದಲ್ಲಿ ಇಳಿದು ಬರುತ್ತವೆ. ಕೆಲವು ಹುಟ್ಟಿನಿಂದಲೇ ಬರುತ್ತವೆ ಎಂದು ನಂಬಿಕೆ. ಏಳನೇ ಮಗನ ಏಳನೇ ಮಗನಿಗೆ ಕೈಗುಣ ಇರುತ್ತದೆ. ಅವನು ಹುಟ್ಟಿದಾಗ ಅಂಗೈ ಮೇಲೆ ಎರೆಹುಳು ಇಟ್ಟು ನೋಡುತ್ತಿದ್ದರು, ಹುಳು ಸತ್ತರೆ ಕ್ಯೂರ್ ಇದೆ ಎಂದರ್ಥ. ಅಪ್ಪ ತೀರಿಕೊಂಡ ಮೇಲೆ ಹುಟ್ಟಿದ ಮಗು ಬೇರೆ ಮಗುವಿನ ಬಾಯೊಳಗೆ ಊದಿದರೆ ನಾಲಿಗೆಯ ಬಿಳಿ ಅಗ್ರ ಹೋಗುತ್ತದೆ. ಮದುವೆಯಾದ ಮೇಲೂ ಮನೆತನದ ಹೆಸರು ಬದಲಾಗದ ಹೆಂಗಸು, ಅಂದರೆ ತನ್ನದೇ ಹೆಸರಿನವನನ್ನು ಕಟ್ಟಿಕೊಂಡವಳು, ಕೊಟ್ಟ ರೊಟ್ಟಿ ನಾಯಿಕೆಮ್ಮಿಗೆ ಮದ್ದು. ನಾಯಿಕೆಮ್ಮಿನ ಮಗುವನ್ನು ಕತ್ತೆಯ ಹೊಟ್ಟೆಯಡಿ ಮೂರು ಸಲ ದಾಟಿಸುವುದೂ ಇತ್ತು. ನಗಬೇಡಿ. ನಮ್ಮಲ್ಲಿ ಕಾಲು ಮುಂದಾಗಿ ಹುಟ್ಟಿದವರ ಹತ್ತಿರ ಬೆನ್ನಿಗೆ ಒದೆಸಿಕೊಂಡು ಉಳುಕು ತೆಗೆಸಿಕೊಂಡವರು ಎಷ್ಟು ಜನ ಇಲ್ಲ?

ಇದೆಲ್ಲ ಇಷ್ಟು ವಿವರವಾಗಿ ಉಳಿದದ್ದಕ್ಕೆ ಶಾಲೆ ಮಕ್ಕಳು ಕಾರಣ. 1937ರಿಂದ 1939ರವರೆಗೆ ಐರಿಷ್ ಜಾನಪದ ಆಯೋಗ ಪ್ರಾಥಮಿಕ ಶಾಲೆಯ ಮಕ್ಕಳಿಗೆ, ಮನೆಯಲ್ಲಿ ಅಜ್ಜ ಅಜ್ಜಿಯನ್ನು ಕೇಳಿ ಬರೆದು ತನ್ನಿ ಎಂದು ಹೇಳಿತು. 26 ಕೌಂಟಿಗಳ ಸುಮಾರು ಐದು ಸಾವಿರ ಶಾಲೆಗಳ ಮಕ್ಕಳು ಬರೆದರು. ಮನೆಮದ್ದು ಅದರಲ್ಲಿ ಒಂದು ವಿಷಯ. ನರುಲಿಗೆ ಎಷ್ಟು ಬಗೆಯ ಮದ್ದು ಅಂದರೆ, ಕಲ್ಲಿನ ಕುಳಿಯಲ್ಲಿ ನಿಂತ ಮಳೆನೀರು, ದಂಡೇಲಿಯನ್ ಹೂವಿನ ಕಾಂಡದ ಹಾಲು, ಬಸವನಹುಳು ಉಜ್ಜಿ ಮುಳ್ಳಿಗೆ ಚುಚ್ಚುವುದು, ಬೆಣಚುಕಲ್ಲನ್ನು ಪೊಟ್ಟಣ ಕಟ್ಟಿ ದಾರಿಯಲ್ಲಿ ಬಿಡುವುದು. ಪೊಟ್ಟಣ ಎತ್ತಿಕೊಂಡವನಿಗೆ ನರುಲಿ ದಾಟುತ್ತದೆ! ಮೂರು ದಾರಿ ಕೂಡುವಲ್ಲಿ ನಿಂಬೆಹಣ್ಣು ಕಂಡರೆ ದಾಟದೆ ಸುತ್ತು ಹಾಕುವ ನಮ್ಮ ಜನಕ್ಕೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಇಷ್ಟು ಮದ್ದು ಯಾಕೆ ಬೇಕಿತ್ತು? ಡಾಕ್ಟರ್ ದೂರ ಇದ್ದರು, ಫೀಸು ಇನ್ನೂ ದೂರ ಇತ್ತು. 1851ರ ಕಾಯ್ದೆಯಿಂದ ಬಡವರಿಗೆ ಡಿಸ್ಪೆನ್ಸರಿ ಬಂತು. ಆದರೆ ವೈದ್ಯರು ನೋಡಬೇಕೆಂದರೆ ಒಂದು ಚೀಟಿ ತರಬೇಕಿತ್ತು. ನಾನು ಬಡವ ಎಂದು ಊರ ದೊಡ್ಡವರ ಮುಂದೆ ನಿಂತು ಹೇಳಿ ಪಡೆಯುವ ಚೀಟಿ. ಆ ಪದ್ಧತಿ 1972ರವರೆಗೂ ಒಂದಲ್ಲ ಒಂದು ರೂಪದಲ್ಲಿ ನಡೆಯಿತು. ನಿಮ್ಮ ಪಕ್ಕದ ಮನೆ ಅಜ್ಜಿ ಅದನ್ನು ಕಣ್ಣಾರೆ ಕಂಡಿರಬಹುದು. ಕ್ಯೂರ್ ಇರುವವನ ಮನೆಯಲ್ಲಿ ಚೀಟಿ ಇಲ್ಲ, ದುಡ್ಡಿಲ್ಲ, ಒಳಗೆ ಕರೆದು ಟೀ ಕೊಡುತ್ತಾನೆ. ನೀವಾದರೆ ಎಲ್ಲಿಗೆ ಹೋಗುತ್ತಿದ್ದಿರಿ?

"ಆದರೆ ಡಾಕ್ಟ್ರೇ, ಅದು ಕೆಲಸ ಮಾಡುತ್ತಲ್ಲ" ಅನ್ನುವವರಿದ್ದಾರೆ. ಎಷ್ಟೋ ಸಲ ಗುಣ ಆಗುವುದಂತೂ ನಿಜ. ಸರ್ಪಸುತ್ತು ಎರಡರಿಂದ ನಾಲ್ಕು ವಾರದಲ್ಲಿ ತಾನಾಗಿ ಒಣಗುತ್ತದೆ. ಜನ ಕ್ಯೂರ್‌ಗೆ ಹೋಗುವುದು ಉರಿ ತಡೆಯಲಾರದೆ ಹೋದಾಗ, ಅಂದರೆ ಕಾಯಿಲೆ ನೆತ್ತಿಗೇರಿದಾಗ. ಅಲ್ಲಿಂದ ಮುಂದೆ ಅದು ಇಳಿಯಲೇಬೇಕು. ಮಕ್ಕಳ ನರುಲಿಯೂ ಹಾಗೇ, ಬಹುಪಾಲು ಎರಡು ವರ್ಷದಲ್ಲಿ ತಾನೇ ಉದುರುತ್ತದೆ. ಜೊತೆಗೆ ಇನ್ನೊಂದಿದೆ. ನೋವು ಬರೀ ನರದಲ್ಲಿ ಇರುವುದಿಲ್ಲ, ಭಯದಲ್ಲೂ ಇರುತ್ತದೆ. ಒಬ್ಬ ಮನುಷ್ಯ ಅರ್ಧ ಗಂಟೆ ಎದುರು ಕೂತು, ನಿನ್ನ ಕಾಯಿಲೆ ನನಗೆ ಗೊತ್ತು ಎಂದು ಕೈ ಹಿಡಿದರೆ ರಾತ್ರಿ ನಿದ್ದೆ ಬರುತ್ತದೆ. ನಿದ್ದೆ ಬಂದರೆ ನೋವು ಸೈರಿಸುವ ಶಕ್ತಿ ಬರುತ್ತದೆ. ನನ್ನ ಕ್ಲಿನಿಕ್ಕಿನಲ್ಲಿ ಒಬ್ಬರಿಗೆ ಹತ್ತು ನಿಮಿಷಕ್ಕಿಂತ ಜಾಸ್ತಿ ಕೊಡಲು ಆಗುತ್ತಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ನರುಲಿಗೆ ಆಸಿಡ್ ಹಚ್ಚಿಸಿಕೊಳ್ಳಲು ಅಳುವ ಮಕ್ಕಳನ್ನು "ಯಾರ ಹತ್ತಿರವಾದರೂ ಕ್ಯೂರ್ ಇದ್ದರೆ ಕರೆದುಕೊಂಡು ಹೋಗಿ" ಎಂದು ನಾನೇ ಕಳಿಸಿದ್ದೂ ಉಂಟು.

ಹಾಗಂತ ಕಣ್ಣು ಮುಚ್ಚಿ ಹೋಗಬೇಡಿ. ಹೋಗುವ ಮೊದಲು ಫೋನ್ ಮಾಡಿ, ಏನು ಮಾಡುತ್ತೀರಿ ಎಂದು ಕೇಳಿ. ಬರೀ ಪ್ರಾರ್ಥನೆ, ಶಿಲುಬೆ ಗುರುತು, ಕೈ ಇಡುವುದು ಆದರೆ ತೊಂದರೆ ಇಲ್ಲ. ಏನಾದರೂ ಹಚ್ಚುತ್ತಾರೆ ಅಂದರೆ ಬೇಡ ಅನ್ನಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಕೆಲವರು ಬೆಣ್ಣೆಯಲ್ಲಿ ಸೊಪ್ಪು ಕಲಸಿ ಮುಲಾಮು ಮಾಡುತ್ತಾರೆ. ಒಡೆದ ಗುಳ್ಳೆಯ ಮೇಲೆ ಅದು ಕೂತರೆ ಕೀವಾಗುತ್ತದೆ. ಹಿಂದಿನ ಕಾಲದಲ್ಲಿ ಕಿಯೋ ಎಂಬ ಮನೆತನದವರ ರಕ್ತವನ್ನೇ ಸರ್ಪಸುತ್ತಿಗೆ ಸವರುತ್ತಿದ್ದರು. ಬೆರಳು ಚುಚ್ಚಿ ಎರಡು ಹನಿ. ಇವತ್ತು ಯಾರಾದರೂ ಹಾಗೆ ಹೊರಟರೆ ಅಲ್ಲಿಂದ ಎದ್ದು ಬನ್ನಿ, ರಕ್ತದಿಂದ ಹರಡುವ ಸೋಂಕಿನ ಬಗ್ಗೆ ಈಗ ನಮಗೆ ಗೊತ್ತಿದೆ. ಮಾತ್ರೆ ನಿಲ್ಲಿಸು ಅಂದವರ ಹತ್ತಿರವೂ ನಿಲ್ಲಬೇಡಿ. ಸಾವಿರಾರು ಯೂರೋ ಕೇಳಿದವರ ಹತ್ತಿರ ಕ್ಯೂರ್ ಇಲ್ಲ ಎಂದು ಇಲ್ಲಿನವರೇ ಹೇಳುತ್ತಾರೆ, ಏಕೆಂದರೆ ದುಡ್ಡು ಕೇಳಿದರೆ ಕೈಗುಣ ಹೋಗುತ್ತದೆ ಎಂಬುದು ಅವರದೇ ನಿಯಮ.

ಇನ್ನು ಅಮ್ಮನ ಚೀಲದ ಕಡೆ ಒಂದು ಕಣ್ಣಿಡಿ. ಸಕಲೇಶಪುರದವರು ಅಂದಿರಿ. ಘಟ್ಟ ಇಳಿದರೆ ಕುಕ್ಕೆ. ಅಲ್ಲಿನ ಮೃತ್ತಿಕೆ ಪ್ರಸಾದದ ಒಂದು ಪೊಟ್ಟಣ ಚೀಲದಲ್ಲಿ ಇದ್ದೇ ಇರುತ್ತದೆ ಎಂದು ನನ್ನ ಊಹೆ. ಊರಲ್ಲಿ ಸರ್ಪಸುತ್ತಿಗೆ ಕೆಮ್ಮಣ್ಣು, ಕಾವಿ ಬಳಿದು ಹಾವು ಬರೆಯುವುದನ್ನು ಅವರು ನೋಡಿಯೂ ಇರುತ್ತಾರೆ. ಹಣೆಗೆ ಇಟ್ಟುಕೊಳ್ಳಲಿ, ಗುಳ್ಳೆಗೆ ಬೇಡ. ಮಣ್ಣಿನಲ್ಲಿ ಧನುರ್ವಾಯುವಿನ ಬೀಜಾಣುವೂ ಇರಬಹುದು, ಬೇರೆ ಬ್ಯಾಕ್ಟೀರಿಯಾವೂ ಇರಬಹುದು.

ಮಣ್ಣಿನ ಮಾತು ಬಂತು, ಒಂದು ಕಥೆ ಹೇಳದೆ ಮುಂದೆ ಹೋಗಲಾರೆ. ನಿಮ್ಮ ಲೀಟ್ರಿಮ್ ಪಕ್ಕದಲ್ಲೇ, ಗಡಿಯಾಚೆ ಫರ್ಮಾನಾ ಕೌಂಟಿಯಲ್ಲಿ ಬೋಹೊ ಎಂಬ ಊರಿದೆ. ಅಲ್ಲಿನ ಚರ್ಚಿನ ಅಂಗಳದಲ್ಲಿ 1815ರಲ್ಲಿ ತೀರಿಕೊಂಡ ಫಾದರ್ ಜೇಮ್ಸ್ ಮಗ್ಗರ್ ಎಂಬ ಪಾದ್ರಿಯ ಸಮಾಧಿ. ನಾನು ಬದುಕಿದ್ದಾಗ ಏನೇನು ಗುಣಪಡಿಸಿದೆನೋ ಅದನ್ನೆಲ್ಲ ನನ್ನ ಮೇಲಿನ ಮಣ್ಣು ಗುಣಪಡಿಸುತ್ತದೆ ಎಂದು ಅವರು ಹೇಳಿದ್ದರೆಂದು ಜನ ನಂಬುತ್ತಾರೆ. ಚಮಚದಷ್ಟು ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿ ಒಯ್ದು, ದಿಂಬಿನಡಿ ಇಟ್ಟು ಮಲಗಿ, ನಾಲ್ಕು ದಿನದೊಳಗೆ ತಂದು ಮರಳಿ ಹಾಕಬೇಕು. 2018ರಲ್ಲಿ ಸ್ವಾನ್ಸಿ ವಿಶ್ವವಿದ್ಯಾಲಯದ ವಿಜ್ಞಾನಿಗಳ ತಂಡ ಆ ಮಣ್ಣಿನಲ್ಲಿ ಸ್ಟ್ರೆಪ್ಟೊಮೈಸಿಸ್ ಜಾತಿಯ ಒಂದು ಹೊಸ ಬ್ಯಾಕ್ಟೀರಿಯಾ ಕಂಡುಹಿಡಿಯಿತು. ಆಂಟಿಬಯೋಟಿಕ್‌ಗೆ ಬಗ್ಗದ ಎಂಆರ್‌ಎಸ್‌ಎಯಂಥ ರೋಗಾಣುಗಳನ್ನು ಅದು ಪ್ರಯೋಗಾಲಯದ ತಟ್ಟೆಯಲ್ಲಿ ತಡೆಯಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಆಮೇಲೆ ಕೆಲವರು "ನೋಡಿದಿರಾ, ಹಳಬರಿಗೆ ಎಲ್ಲ ಗೊತ್ತಿತ್ತು" ಎಂದು ನನ್ನ ಮುಂದೆ ಬೀಗಿದರು. ನಾನು ಹೇಳಿದ್ದು ಇಷ್ಟೆ: ತಟ್ಟೆಯಲ್ಲಿ ಕೆಲಸ ಮಾಡಿದ್ದು ಬ್ಯಾಕ್ಟೀರಿಯಾದ ಮೇಲೆ, ಸರ್ಪಸುತ್ತು ವೈರಸ್. ಮಣ್ಣಿನ ಒಂದು ಜೀವಿಯಿಂದ ಔಷಧ ತೆಗೆಯುವುದು ಬೇರೆ, ಮಣ್ಣನ್ನೇ ಗಾಯಕ್ಕೆ ಹಚ್ಚುವುದು ಬೇರೆ. ಹಳಬರ ಜಾಣತನ ಎಲ್ಲಿತ್ತು ಗೊತ್ತಾ? ಅವರು ಅದನ್ನು ದಿಂಬಿನಡಿ ಇಟ್ಟರು, ಹುಣ್ಣಿನ ಮೇಲಲ್ಲ.

ಮಗುವಿನ ವಿಷಯ. ಸರ್ಪಸುತ್ತು ಇನ್ನೊಬ್ಬರಿಗೆ ಸರ್ಪಸುತ್ತಾಗಿ ಅಂಟುವುದಿಲ್ಲ. ಆದರೆ ಗುಳ್ಳೆಯ ನೀರು ತಾಗಿದರೆ, ಚಿಕನ್ ಪಾಕ್ಸ್ ಆಗಿಲ್ಲದವರಿಗೆ ಚಿಕನ್ ಪಾಕ್ಸ್ ಬರಬಹುದು. ನಿಮಗೆ ಚಿಕ್ಕಂದಿನಲ್ಲಿ ಆಗಿದೆಯಾ? ಆಗಿದ್ದರೆ ನಿಮ್ಮಿಂದ ಹೋದ ರಕ್ಷಣೆ ನಾಲ್ಕು ತಿಂಗಳಲ್ಲಿ ಸ್ವಲ್ಪ ಉಳಿದಿರಬಹುದು, ಅದನ್ನೇ ನೆಚ್ಚಿಕೊಳ್ಳಬೇಡಿ. ನಿಮ್ಮ ಯಜಮಾನರನ್ನೂ ಕೇಳಿ. ನಮ್ಮ ಬಿಸಿ ದೇಶಗಳಲ್ಲಿ ಚಿಕನ್ ಪಾಕ್ಸ್ ಎಲ್ಲರಿಗೂ ಬಾಲ್ಯದಲ್ಲೇ ಬಂದು ಹೋಗುವುದಿಲ್ಲ. ಹಾಗಾಗಿ ಇಲ್ಲಿಗೆ ಬಂದ ಎಷ್ಟೋ ಭಾರತೀಯರಿಗೆ ದೊಡ್ಡವರಾದ ಮೇಲೆ ಬರುತ್ತದೆ. ಆಗ ಜೋರಾಗಿಯೇ ಬರುತ್ತದೆ. ಗುಳ್ಳೆ ಪೂರ್ತಿ ಹಕ್ಕಳೆಗಟ್ಟುವ ತನಕ, ಅಂದರೆ ಸುಮಾರು ಏಳರಿಂದ ಹತ್ತು ದಿನ, ಅಮ್ಮ ಮಗುವನ್ನು ಎತ್ತಿಕೊಳ್ಳುವುದು, ಎಣ್ಣೆ ನೀರು ಹಾಕುವುದು ಬೇಡ. ಅಂಟಿಕೊಳ್ಳದ ಬ್ಯಾಂಡೇಜು ಮುಚ್ಚಿ, ಮೇಲೆ ಸಡಿಲ ಹತ್ತಿ ರವಿಕೆ. ಟವೆಲ್ ಬೇರೆ. ಒಂದೇ ಕೋಣೆಯಲ್ಲಿ ಕೂತು ಲಾಲಿ ಹಾಡಬಹುದು, ಅದಕ್ಕೆ ಅಡ್ಡಿಯಿಲ್ಲ. ನಿಮಗೆ ಬಸುರಿ ಗೆಳತಿಯರಿದ್ದರೆ ಈ ಹತ್ತು ದಿನ ಮನೆಗೆ ಕರೆಯಬೇಡಿ. ಮಗುವಿಗೆ ಜ್ವರ ಬಂದರೆ, ಒಂದೇ ಒಂದು ಗುಳ್ಳೆ ಕಂಡರೂ ಅದೇ ದಿನ ಜಿಪಿಗೆ ಫೋನ್ ಮಾಡಿ.

ಅಜ್ಜಿಯ ಉಳಿದ ಮದ್ದುಗಳು. ವಸಡಿಗೆ ವಿಸ್ಕಿ ಬೇಡವೇ ಬೇಡ, ಒಂದು ಹನಿಯೂ ಬೇಡ. ಅಷ್ಟು ಚಿಕ್ಕ ಮಗುವಿನ ಸಕ್ಕರೆ ಮಟ್ಟ ಕುಸಿಯಲು ಸ್ವಲ್ಪ ಆಲ್ಕೋಹಾಲ್ ಸಾಕು. ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿದ ಬಟ್ಟೆ ಕಚ್ಚಲು ಕೊಡಿ. ಕಡಲಪಾಚಿ, ಇಲ್ಲಿನವರ ಕ್ಯಾರಗೀನ್, ಒಳ್ಳೆಯ ವಸ್ತು. ಪಶ್ಚಿಮ ಕರಾವಳಿಯ ಬಂಡೆಗಳಿಂದ ಕಿತ್ತು ಒಣಗಿಸುತ್ತಾರೆ. ಹಾಲಲ್ಲಿ ಕುದಿಸಿದರೆ ನಮ್ಮ ಚೈನಾ ಗ್ರಾಸ್ ಥರ ಗಟ್ಟಿ ಲೋಳೆಯಾಗುತ್ತದೆ, ಗಂಟಲಿಗೆ ಹಿತ. ಕೆಮ್ಮನ್ನು ಗುಣಪಡಿಸುವುದಿಲ್ಲ, ಕೆರೆತ ತಗ್ಗಿಸುತ್ತದೆ. ನೀವು ಕುಡಿಯಿರಿ. ಥೈರಾಯ್ಡ್ ತೊಂದರೆ ಇದ್ದರೆ ಮಾತ್ರ ದಿನಾ ಬೇಡ, ಅದರಲ್ಲಿ ಅಯೋಡಿನ್ ಇರುತ್ತದೆ. ಅದಕ್ಕೆ ಜೇನು ಬೆರೆಸಿ ಮಗುವಿನ ನಾಲಿಗೆಗೆ ಸವರುವ ಕೆಲಸ ಅಜ್ಜಿಯಾಗಲಿ ಅಮ್ಮನಾಗಲಿ ಮಾಡದ ಹಾಗೆ ನೋಡಿಕೊಳ್ಳಿ. ಒಂದು ವರ್ಷ ತುಂಬುವ ತನಕ ಜೇನು ಬೇಡ, ಬಾಟ್ಯುಲಿಸಂ ಎಂಬ ಅಪರೂಪದ ಆದರೆ ಕೆಟ್ಟ ಕಾಯಿಲೆ ಬರಬಹುದು. ಹೊಟ್ಟೆ ಕೆಟ್ಟರೆ ಗ್ಯಾಸ್ ಹೋದ ಸೆವೆನ್ ಅಪ್ ಕುಡಿಸುವುದೂ ಇಲ್ಲಿನ ಅಚ್ಚುಮೆಚ್ಚಿನ ಮದ್ದು. ಮುಂದೆ ಎಂದಾದರೂ ಅಜ್ಜಿ ತಂದರೆ ನೀವೇ ಕುಡಿಯಿರಿ, ಮಗುವಿಗೆ ಓಆರ್‌ಎಸ್ ಕೊಡಿ.

ನೀವು ಕೇಳಿಲ್ಲ, ಆದರೂ ನನಗೆ ಇದೇ ಜಾಸ್ತಿ ಭಯ. ನಮ್ಮ ಅಮ್ಮಂದಿರು ಎಲ್ಲಿಗೆ ಹೋದರೂ ಬೇಲಿಬದಿಯಲ್ಲಿ ಸೊಪ್ಪು ಹುಡುಕುತ್ತಾರೆ. ಲೀಟ್ರಿಮ್‌ನ ತೇವದ ಚರಂಡಿಗಳ ಬದಿಯಲ್ಲಿ ಕೊತ್ತಂಬರಿಯ ಹಾಗೇ ಕಾಣುವ, ದಪ್ಪ ಬೇರಿನ ಒಂದು ಗಿಡ ಬೆಳೆಯುತ್ತದೆ. ಹೆಮ್ಲಾಕ್ ವಾಟರ್ ಡ್ರಾಪ್‌ವರ್ಟ್ ಎಂದು ಹೆಸರು. ಬೇರು ತಿಂದ ದನ ಅಲ್ಲೇ ಬೀಳುತ್ತದೆ, ಮನುಷ್ಯರೂ ಸತ್ತಿದ್ದಾರೆ. ಇನ್ನೊಂದು ಕಾಂಫ್ರಿ. ಉಳುಕಿಗೆ ಇದರ ಎಲೆ ಅರೆದು ಕಟ್ಟುತ್ತಾರೆ. ಗಾಯವಿಲ್ಲದ ಚರ್ಮದ ಮೇಲೆ ಕೆಲವು ದಿನ ಕಟ್ಟಿದರೆ ಪರವಾಗಿಲ್ಲ, ಕಷಾಯ ಮಾಡಿ ಕುಡಿದರೆ ಲಿವರ್ ಹಾಳು. ಹೂ ಬಿಡದಿದ್ದಾಗ ಕಾಂಫ್ರಿಯ ಎಲೆಯೂ ಫಾಕ್ಸ್‌ಗ್ಲವ್ ಎಲೆಯೂ ಒಂದೇ ಥರ ಕಾಣುತ್ತವೆ. ಫಾಕ್ಸ್‌ಗ್ಲವ್‌ನಲ್ಲಿ ಇರುವುದು ಹೃದಯದ ಔಷಧ. ಇಂಗ್ಲೆಂಡಿನ ವಿಲಿಯಂ ವಿದರಿಂಗ್ ಎಂಬ ವೈದ್ಯರು ಒಬ್ಬ ಹೆಂಗಸಿನ ಮನೆಮದ್ದಿನಿಂದಲೇ ಅದರ ಸುಳಿವು ಹಿಡಿದು 1785ರಲ್ಲಿ ಬರೆದರು. ಔಷಧ ಮತ್ತು ವಿಷದ ನಡುವೆ ಅಂತರ ತೀರಾ ಕಡಿಮೆ ಇರುವ ಗಿಡ ಅದು. ತುರಚೆ ಗಿಡ ಒಂದನ್ನು ಮಾತ್ರ ಗುರುತು ತಪ್ಪಲಾರಿರಿ, ಮುಟ್ಟಿದರೆ ಅದೇ ಹೇಳುತ್ತದೆ. ಎಳೆ ಚಿಗುರಿನ ಸೂಪನ್ನು ವಸಂತಕಾಲದಲ್ಲಿ ಇಲ್ಲಿನವರೂ ಮಾಡುತ್ತಾರೆ. ಅಮ್ಮನ ಸೊಪ್ಪಿನ ಆಸೆಗೆ ಅಷ್ಟು ಸಾಕು.

ಈಗ ಮುಂದಿನ ದಿನಗಳು. ಮಾತ್ರೆಯನ್ನು ಪೂರ್ತಿ ಏಳು ದಿನ ಕೊಡಿ, ನಡುವೆ ನಿಲ್ಲಿಸಬೇಡಿ. ನೀರು ಜಾಸ್ತಿ ಕುಡಿಸಿ, ಚಳಿಗೆ ಅಮ್ಮಂದಿರು ನೀರೇ ಕುಡಿಯುವುದಿಲ್ಲ. ನೋವಿಗೆ ಪ್ಯಾರಾಸಿಟಮಾಲ್. ಬಿ.ಪಿ. ಮಾತ್ರೆ ಇರುವುದರಿಂದ ಐಬುಪ್ರೊಫೆನ್ ಅನ್ನು ಕೇಳದೆ ಕೊಡಬೇಡಿ. ಸಾಲದಿದ್ದರೆ ನರದ ನೋವಿಗೇ ಬೇರೆ ಮಾತ್ರೆಗಳಿವೆ, ಸಹಿಸಿಕೊಂಡು ಕೂರಿಸಬೇಡಿ. ಗುಳ್ಳೆ ಒಣಗಿದ ಮೇಲೂ ಉರಿ ಮೂರು ತಿಂಗಳು ದಾಟಿ ಉಳಿಯುವುದು ಅರವತ್ತು ದಾಟಿದವರಲ್ಲಿ ಜಾಸ್ತಿ. ಹಾಗಾದರೆ ಊರಿಗೆ ಹೋದ ಮೇಲೂ ತೋರಿಸಬೇಕು. ಕಣ್ಣು ಕೆಂಪಾದರೆ, ಮುಖ ಸೊಟ್ಟಗಾದರೆ, ಗೊಂದಲದ ಮಾತು ಬಂದರೆ, ಕತ್ತು ಬಿಗಿದರೆ ಆಸ್ಪತ್ರೆಗೆ. ಪ್ರವಾಸಿ ವೀಸಾದಲ್ಲಿ ಬಂದಿದ್ದಾರೆ, ಜಿಪಿಯ ರಸೀದಿ ಇಟ್ಟುಕೊಳ್ಳಿ, ಟ್ರಾವೆಲ್ ಇನ್ಶೂರೆನ್ಸ್‌ನವರು ಕೇಳುತ್ತಾರೆ. ಪೂರ್ತಿ ವಾಸಿಯಾದ ಮೇಲೆ ಎರಡು ಡೋಸಿನ ಲಸಿಕೆ ಇದೆ. ಐವತ್ತು ದಾಟಿದವರಿಗೆ ಭಾರತದಲ್ಲೂ 2023ರಿಂದ ಸಿಗುತ್ತಿದೆ. ದುಬಾರಿ, ಆದರೆ ಇದು ಮತ್ತೆ ಬರಬಹುದಾದ ಕಾಯಿಲೆ.

ಹಾಗಾದರೆ ಆ ರೈತನ ಹತ್ತಿರ ಹೋಗಬೇಕೋ ಬೇಡವೋ? ಬರೀ ಅಲ್ಲಿಗೇ ಹೋಗಿ ಮಾತ್ರೆ ಬಿಟ್ಟಿದ್ದರೆ ನಾನು ಜಗಳವಾಡುತ್ತಿದ್ದೆ. ಮಾತ್ರೆ ಕೊಟ್ಟು, ಅಲ್ಲಿಗೆ ಹೋಗಕೂಡದು ಎಂದು ಕೂರಿಸಿದರೂ ಅಮ್ಮ ರಾತ್ರಿಯೆಲ್ಲ ಬೆನ್ನ ಮೇಲೆ ಹಾವು ಹರಿಯುವುದನ್ನೇ ಕಾಯುತ್ತಾರೆ, ಪಕ್ಕದ ಮನೆಯ ಅಜ್ಜಿಯ ಮುಖವೂ ಸಣ್ಣದಾಗುತ್ತದೆ. ಮಾತ್ರೆ ಹೊಟ್ಟೆಗೆ ಹೋಗುತ್ತಿದೆ, ಗುಳ್ಳೆ ಮುಚ್ಚಿದೆ, ಗುರುವಾರ ಇದೆ. ಕರೆದುಕೊಂಡು ಹೋಗಿ. ನಿಮ್ಮ ಯಜಮಾನರೇ ಕಾರು ಓಡಿಸಲಿ.

ಒಂದು ರಿವಾಜು ಮಾತ್ರ ಗೊತ್ತಿರಲಿ. ಕ್ಯೂರ್ ಕೊಟ್ಟವನಿಗೆ ಥ್ಯಾಂಕ್ಸ್ ಹೇಳಬಾರದು, ಹೇಳಿದರೆ ಕ್ಯೂರ್ ಹಿಡಿಯುವುದಿಲ್ಲ. ದುಡ್ಡು ಕೊಡಬಾರದು, ಒಂದು ಪೊಟ್ಟಣ ಬಿಸ್ಕತ್ತೋ ಟೀ ಪುಡಿಯೋ ಮೇಜಿನ ಮೇಲೆ ಇಟ್ಟು ಬರಬಹುದು. ಅಮ್ಮನಿಗೆ ಇದು ಕಷ್ಟವೇ ಅಲ್ಲ. ನಾಟಿ ವೈದ್ಯರಿಗೆ ಎಲೆ ಅಡಿಕೆ, ತೆಂಗಿನಕಾಯಿ ಇಟ್ಟು ಮಾತಿಲ್ಲದೆ ಎದ್ದು ಬಂದ ಊರಿನವರು ಅವರು. ಕಷ್ಟ ನಿಮಗೆ. ಐರ್ಲೆಂಡಿಗೆ ಬಂದ ಮೇಲೆ ಬಸ್ ಇಳಿಯುವಾಗಲೂ ಡ್ರೈವರ್‌ಗೆ ಥ್ಯಾಂಕ್ಸ್ ಹೇಳಿ ಬಾಯಿಗೆ ರೂಢಿಯಾಗಿರುತ್ತದೆ, ಅಲ್ವಾ? ಬಾಗಿಲ ತನಕ ಬಿಟ್ಟು, ನೀವು ಕಾರಿನಲ್ಲೇ ಕೂತಿರಿ.